ಗೂಟ ಕೀಳಬೇಡಿ

ರೀ,

ನಾನು ಚಿಕ್ಕೋಡಿಗೆ ಡ್ಯೂಟಿಗೆ ಹೊರಟೆ. ರೊಟ್ಟಿ, ಪಲ್ಯ ಬುಟ್ಟಿಯಲ್ಲಿವೆ. ಮಗಳ ಮುಡಿ ತೆಗೆಸಿದ ಜಾವಳದ ಊಟದಲ್ಲಿ ಉಳಿದ ಮಟನ್ ಫ್ರಿಜ್ಜಿನಲ್ಲಿದೆ. ಅತ್ತೆಯವರ ಕಣ್ಣಿಗೆ ಬೀಳದಂತೆ ಪಕ್ಕದ ಮನೆಗೆ ಕೊಟ್ಟುಬಿಡಿ.

ನಮ್ಮ ಸ್ನೇಹಲಳ ಜಾವಳಕ್ಕೆಂದೇ ಆ ಹೋತವನ್ನು ಸಾಕಿದವರು ಅವರೇ, ನಿಜ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದರು. ಮೊನ್ನೆ ಕೊಯ್ಯುವ ಮೊದಲು ಹಣೆಗೆ ಅರಿಷಿಣ ಹಚ್ಚಿ, ಹಗ್ಗವನ್ನು ನಿಮ್ಮ ಕೈಗೆ ಕೊಟ್ಟವರೂ ಅವರೇ. ಆದರೆ ಊಟಕ್ಕೆ ಕೂಡಲಿಲ್ಲ, ಉಪವಾಸ ಎಂದರು. ನೀವು ನಂಬಿದಿರಿ!

ಇವತ್ತು ಬೆಳಿಗ್ಗೆ ಹೊಲದಿಂದ ಸೊಪ್ಪು ಮುರಿದುಕೊಂಡು ಬಂದು, ಖಾಲಿ ಗೂಟದ ಮುಂದೆ ನಿಂತಿದ್ದರು. ಏನಾಯಿತೆಂದು ಕೇಳಿದೆ.

"ಹೆಸರಿಟ್ರ ಕೊಡಾಕ ಮನಸ ಬರೂದಿಲ್ಲಂತ ಬರೇ ಮರೀ ಅಂತ ಕರೀತಿದ್ನಿ, ಮಾಯಾ. ಈಗ ಸ್ನೇಹಲನ್ನ ಮರೀ ಅಂತ ಕರಿಯಾಕ ಬಾಯಿ ಬರವಲ್ತು," ಎಂದರು.

ಸಂತೆಯಿಂದ ಬೇರೆ ಮರಿ ತರುತ್ತೇನೆ ಎಂದಿರಲ್ಲ, ಈಗಲೇ ಬೇಡ. ಗೂಟವನ್ನೂ ಕೀಳಬೇಡಿ. ಮಧ್ಯಾಹ್ನ ಅವರ ಜೊತೆ ಕೂತು ಉಣ್ಣಿ. ಹೋತದ ಮಾತು ನೀವೇ ತೆಗೆಯಿರಿ. ಎರಡು ದಿನದಿಂದ ಈ ಮನೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದೇವೆ.

ಮಾಯಾ