ನೋವು ನಿಂತ ಕಿವಿ

14 ನವೆಂಬರ್, ಮಂಗಳವಾರ

ಪ್ರೀತಿಯ ತಂಗೀ,

ಗಿರಣಿಯ ಹಾಸ್ಟೆಲಿನಲ್ಲಿ ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯಾ ತಾನೆ? ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ‘ಆಪರೇಷನ್ ಚೆನ್ನಾಗಾಯ್ತು’ ಎಂದೆನಲ್ಲ, ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ. ನಿನ್ನ ಮಗಳು ಗುಬ್ಬಿ ಪಕ್ಕದಲ್ಲೇ ಇದ್ದಳು.

ನೆಗಡಿಯಾಗಿ ಅವಳು ಎಡಗಿವಿ ಹಿಡಿದುಕೊಂಡು ರಂಪ ಮಾಡಿದ್ದು ನಿನಗೆ ಗೊತ್ತಲ್ಲ. ಆಮೇಲೆ ಒಂದು ಬೆಳಿಗ್ಗೆ ದಿಂಬೆಲ್ಲ ಕೀವು, ಕೂಸು ಮಾತ್ರ ನಗುತ್ತಿತ್ತು. ‘ಕೆಟ್ಟದ್ದೆಲ್ಲ ಹೊರಗೆ ಬಂತು ಬಿಡು’ ಎಂದರು ನಿನ್ನ ಭಾವ. ಫೋನಿನಲ್ಲಿ ನೀನೂ ‘ಸದ್ಯ’ ಎಂದೆ. ಡಾಕ್ಟರು ಕೊಟ್ಟ ಕಹಿ ಔಷಧಿ ಕುಡಿಸುವ ಕುಸ್ತಿ ತಪ್ಪಿತೆಂದು ನಾನೂ ಅರ್ಧ ಉಳಿದ ಬಾಟಲಿ ಎತ್ತಿಟ್ಟೆ. ಕಿವಿ ಡಾಕ್ಟರಮ್ಮ ಈಗ ಹೇಳುತ್ತಾರೆ, ‘ಒಳಗಿನ ತಮಟೆ ಹರಿದಿದ್ದಕ್ಕೇ ನೋವು ನಿಂತಿದ್ದು ಕಣಮ್ಮ. ರೋಗ ಎಲ್ಲೂ ಹೋಗಿರ್ಲಿಲ್ಲ.’

ಕೆಲವು ವಾರ ಕಳೆದು ಜಡೆ ಹಾಕುವಾಗ ನೋಡುತ್ತೇನೆ, ಕಿವಿ ಮುಂದಕ್ಕೆ ಬಾಗಿದೆ, ಹಿಂದೆ ಕೆಂಪಗೆ ಊದಿದೆ. ಮುಟ್ಟಿದರೆ ಕಿರುಚಿದಳು. ಸ್ಕ್ಯಾನ್ ಮಾಡಿಸಿದರೆ ಕೀವು ಹಿಂದಿನ ಮೂಳೆಗೂ ಇಳಿದಿತ್ತು. ಆ ಸಂಜೆಯೇ ಆಪರೇಷನ್. ಜೀವಕ್ಕೇನೂ ಆಗಲಿಲ್ಲ, ಅಷ್ಟು ಪುಣ್ಯ.

ಹೋದ ವಾರ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಶಬ್ದ ಕೇಳಿದಾಗಲೆಲ್ಲ ಡಬ್ಬಿಗೆ ಮಣಿ ಹಾಕಬೇಕು. ಬಲಗಿವಿಯಲ್ಲಿ ಶಬ್ದ ಬಿಟ್ಟಾಗ ಟಪಟಪ ಹಾಕಿದಳು. ಎಡಕ್ಕೆ ಬದಲಾಯಿಸಿದರು. ಮಣಿ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಗಾಜಿನಾಚೆ ಕೂತು ನಾನು ‘ಹಾಕೇ, ಹಾಕೇ’ ಎಂದು ಗೊಣಗುತ್ತಿದ್ದೆ.

‘ಒಳಗಿವಿಗೇ ಸೋಂಕು ಹೋಗಿದೆ. ಆ ಕಿವಿ ಇನ್ನು ಕೇಳಲ್ಲ. ಇನ್ನೊಂದನ್ನ ಕಾಪಾಡ್ಕೊಳ್ಳಿ. ಕಿವಿ ನೋವು ಅಂದ ತಕ್ಷಣ ಬನ್ನಿ, ಕೊಟ್ಟ ಔಷಧಿ ಪೂರ್ತಿ ಮುಗಿಸಿ’ ಎಂದರು ಡಾಕ್ಟರಮ್ಮ. ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ.

ನಿನ್ನ ಮೇಲ್ವಿಚಾರಕನಿಗೆ ಈ ಕಾಗದ ತೋರಿಸಿ ರಜೆ ಕೇಳು. ಕಲ್ಲುಮನಸ್ಸಿನವನಾದರೆ ಕೆಲಸ ಬಿಟ್ಟು ಬಾ. ನೀನೊಬ್ಬಳು ನಮಗೆ ಭಾರವಲ್ಲ.

ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ. ಅಳುವುದಿದ್ದರೂ ಊಟ ಮಾಡಿ ಅಳು.

ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನೀನು ಫೋನ್ ಮಾಡಿದಾಗ ಗುಬ್ಬಿ ಬರೀ ‘ಹ್ಞೂಂ, ಹ್ಞೂಂ’ ಅನ್ನುತ್ತಾಳಲ್ಲ, ಫೋನನ್ನು ಎಡಗಿವಿಗೇ ಇಟ್ಟುಕೊಂಡಿರುತ್ತಾಳೆ. ‘ಆ ಕಿವಿ ಕೇಳಲ್ವಲ್ಲೇ, ಈ ಕಡೆ ಇಟ್ಕೋ’ ಎಂದೆ. ‘ಗೊತ್ತು ದೊಡ್ಡಮ್ಮಾ. ಅಮ್ಮ ಪ್ರತಿ ಸಲಾನೂ ಬೇಗ ಬರ್ತೀನಿ ಅಂತಾಳೆ. ನಂಗೆ ಅದು ಕೇಳ್ಸೋದು ಬೇಡ’ ಎಂದಳು.