ಮೋರಿಗೆ ಮೂರು ಕೂಗು

ಏಪ್ರಿಲ್ 19, ಸಂಜೆ

ಮೋರಿಯ ಈ ಹಳೇ ಕಥೆ ಹೇಳಿದ್ದು ನಮ್ಮ ನೀರಗಂಟಿ ಗುಲ್‌ಮುರೋದ್ ಅಜ್ಜ. ಇವತ್ತು, ಚಹಾ ಹೊತ್ತಿನಲ್ಲಿ. ಮತ್ತೆ ಹಶರ್ ಇತ್ತು: ಮನೆಗೊಂದಾಳು, ಆಳಿಗೊಂದು ಗುದ್ದಲಿ, ಕೂಲಿ ಇಲ್ಲ. ಮಳೆಗೆ ಕುಸಿದ ಕಾಲುವೆ ದಂಡೆಗೆ ಕಲ್ಲು, ಕೊಂಬೆ ಕಟ್ಟು ಹಾಕಿದೆವು. ಕಾಲುವೆ ನೀರು ಹಾಯುವ ಮೋರಿಯ ಕೆಸರು ತೆಗೆದೆವು. ಮೇಲಿನ ಹಳ್ಳಿಯಿಂದ ಒಬ್ಬನೂ ಬರಲಿಲ್ಲ.

ಅಜ್ಜನ ತಾತನ ಕಾಲದಲ್ಲೂ ಮೇಲಿನವರು ಹೀಗೇ ಬರಲಿಲ್ಲವಂತೆ. ನಮ್ಮವರು ಅಲ್ಲಿಯವನೊಬ್ಬನನ್ನು ಹಿಡಿದು ಮೋರಿಯೊಳಗೆ ಕಟ್ಟಿದರು — ಸುಮ್ಮನೆ ಹೆದರಿಸಲು. ಗೊತ್ತಿಲ್ಲದೆ ಅವನ ಅಪ್ಪನೇ ತೂಬು ಎತ್ತಿದ. ಅಂದಿನಿಂದ ಈ ಕಟ್ಟಳೆ: ನೀರು ಬಿಡುವವನು ಮೂರು ಸಲ ಕೂಗಿ ಕೇಳಬೇಕು. ಕೆಳಗಿನಿಂದ ಉತ್ತರ ಬಂದ ಮೇಲೇ ತೂಬು ಮುಟ್ಟಬೇಕು.

"ಒಳ್ಳೇ ಉಪಾಯ ಹೇಳ್ಕೊಟ್ಟೆ ಅಜ್ಜ," ಅಂದ ತಮ್ಮ ಸಬ್ಜಲಿ, ರೊಟ್ಟಿ ಮುರಿಯುತ್ತ.

"ಉಪಾಯ ಅಲ್ಲವೋ ಕತ್ತೆ. ಬುದ್ಧಿ ಹೇಳ್ದೆ."

ಎಲ್ಲರೂ ನಕ್ಕರು. ನಾನೂ.

ಏಪ್ರಿಲ್ 22

ಬಲಗೈ ಮುರಿದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಕಥೆ ಕೇಳಿದವರು ಮಾರನೆಯ ಬೆಳಿಗ್ಗೆ ಮಾಡಿದ್ದು ಇದು. ಮೇಲಿನ ಹಳ್ಳಿಯ, ತೂಬು ಕಾಯುವ ನಜ್ರುಲ್ಲೋನನ್ನು ದಾರಿಯಲ್ಲಿ ಹಿಡಿದರು. ಮೋಹಿರಾ ಅಕ್ಕನ ಗಂಡ, ನಮ್ಮ ಭಾವ.

"ನಿಮ್ಮೋರು ಗುದ್ದಲಿ ತರೋವರ್ಗೂ ಮೋರೀಲಿ ತಣ್ಣಗಿರು ಭಾವ," ಅಂದ ಸಬ್ಜಲಿ.

ಭಾವ ತಲೆಯಿಂದ ಗುದ್ದಿದ. ತಮ್ಮನ ಮುಂದಿನ ಹಲ್ಲು ಹೋದವು. ಆಮೇಲೆ ತಮಾಷೆ ಉಳಿಯಲಿಲ್ಲ. ಗುದ್ದಲಿ ಕಾವಿನಿಂದ ಭಾವನ ಮಂಡಿ ಒಡೆದರು. ಅಡ್ಡ ಹೋದೆ, ನನ್ನ ಕೈಗೂ ಬಿತ್ತು. ಭಾವನ ಬಾಯಿಗೆ ಸೊಂಟದ ಬಟ್ಟೆ ತುರುಕಿ ಮೋರಿಯೊಳಗೆ ಕಟ್ಟಿದರು.

ಆಗ ತಿರುವಿನಾಚೆ, ತೂಬಿನ ಹತ್ತಿರ, ಕೂಗು. ಭಾವನ ಅಪ್ಪ. ತೂಬಿನ ಹಿಂದೆ ನೀರು ಏರಿತ್ತು, ಬಿಡದಿದ್ದರೆ ಅವರ ಮನೆಗಳಿಗೆ ನುಗ್ಗುತ್ತಿತ್ತು. ಮಗನನ್ನು ಕಾದು ಸಾಕಾಗಿ ತಾನೇ ಬಂದಿದ್ದ.

"ಮೋರಿ ಖಾಲಿ ಐತೇನ್ರೋ?"

ಇಬ್ಬರು ನನ್ನ ಬೆನ್ನ ಮೇಲೆ ಕೂತಿದ್ದರು. ಬಾಯಿ ತುಂಬ ಮಣ್ಣು. ಎರಡನೇ ಕೂಗು. ಮೂರನೆಯದಕ್ಕೆ ಸಬ್ಜಲಿ ರಕ್ತ ಉಗುಳಿ ಉತ್ತರ ಕೊಟ್ಟ.

"ಖಾಲಿ. ಬಿಡು."

ಮೋರಿ ಕೊಚ್ಚಿಹೋಯಿತು. ನಾವು ಕಟ್ಟಿದ ದಂಡೆಯೂ ಹೋಯಿತು. ಭಾವ ಸಿಕ್ಕಿದ್ದು ಕೆಳಗಿನ ಜರ್ದಾಳು ತೋಟದಲ್ಲಿ.

ಈಗ ಅಕ್ಕ ಬಂದಿದ್ದಾಳೆ. ಹೊಸ್ತಿಲು ದಾಟುತ್ತಿಲ್ಲ.

"ಖಾಲಿ ಅಂದೋನು ಯಾರೋ? ಹಲ್ಲಿಲ್ದೋನ ದನಿ ಅಂತಾರೆ ಮಾವ."

ಸಬ್ಜಲಿ ಒಳಕೋಣೆಯಲ್ಲಿದ್ದಾನೆ, ಬಾಯಿಗೆ ಬಟ್ಟೆ ಒತ್ತಿಕೊಂಡು. ನಾನು ತಲೆ ಎತ್ತದೆ ಬರೆಯುತ್ತಿದ್ದೇನೆ. ಎರಡನೇ ಸಲವೂ ಕೇಳಿದಳು. ಮೂರನೇ ಸಲ ಕೇಳಿದರೆ ಉತ್ತರ ಕೊಡಲೇಬೇಕು—