ಪುಟ ಹದಿನಾಲ್ಕು, ಸಾಲು ಮೂರು

ದೋಸ್ತ ರಫೀಕ್,

ಚಿತ್ರದುರ್ಗ ಜಿಲ್ಲೆಯ ಸಮಸ್ತ ನಾಗರಿಕರಿಗೂ, ಮೇಲಿನ ಲೋಕದಲ್ಲಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಹಳೇ ಕೋಟೆ ಆಟ ನನ್ನ ಕಂಪ್ಯೂಟರಿನಲ್ಲಿ ಮತ್ತೆ ತೆರೆದುಕೊಂಡಿತು. ಪಟಾಕಿ ಇಲ್ಲ, ಹಾರ ತುರಾಯಿ ಇಲ್ಲ. ಏನ್ರೀ ಅದು ಸದ್ದು ಅಂತ ಮನೆಯವಳು ಒಳಗಿಂದ ಕೇಳಿದಳು. ಏನಿಲ್ಲ ಅಂದೆ. ಇನ್ಯಾರಿಗೆ ಹೇಳಲಿ?

ನೆನಪೈತಾ, ನನ್ನ ಟೈಪಿಂಗ್ ಕ್ಲಾಸಿಗೆ ಮಧ್ಯಾಹ್ನ ಊಟದ ಹೊತ್ತಿಗೆ ನೀನು ಬಣ್ಣದ ಕೈಯಲ್ಲೇ ಬರುತ್ತಿದ್ದದ್ದು? ಒಂದೇ ಕೀಬೋರ್ಡು, ಇಬ್ಬರು. ನಾನು ಹೊರಗಿಂದ ಕಲ್ಲೆಸೆಯೋನು, ನೀನು ಬಾಗಿಲು ಕಾಯೋನು. ಶುರುವಾಗೋ ಮುಂಚೆ ಆಟದ್ದೊಂದು ಪರೀಕ್ಷೆ. ಕಾಪಿ ಹೊಡೆದವರು ಆಡಬಾರದು ಅಂತ, ಜೊತೆಗೆ ಬಂದ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಮೊದಲ ಪದ ಬರೆ ಅನ್ನೋದು. ಪ್ರತಿ ಸಲ ಬೇರೆ ಪುಟ. ಮೂರು ಸಲ ತಪ್ಪಿದರೆ ಆಚೆಗೆ. ಆ ಪುಸ್ತಕ ಮಾತ್ರ ಯಾವಾಗಲೂ ನಿನ್ನ ಬಣ್ಣದ ಚೀಲದಲ್ಲಿ. ಯಾಕೋ ಅಂದರೆ, ಲೇ ತಿಪ್ಪೇಶ, ಅಂಗಡಿ ಬೋರ್ಡ್ ಬರೆಸೋರು ಇಂಗ್ಲಿಷ್ ಹೆಸರು ಕೇಳ್ತಾರಪ್ಪ, ಇದ್ರಿಂದಲ್ದೆ ನಾನೆಲ್ಲಿಂದ ತರ್ಲಿ, ಅಂದಿದ್ದೆ ನೀನು.

ನೀನು ಹೋದಮೇಲಿನ ಕಥೆ ಕೇಳು. ನನ್ನ ಮುದಿ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಿಡಿಸಲ್ಲ ಅಂತ ಮಗಳು ಲಿನಕ್ಸ್ ಹಾಕಿಕೊಟ್ಟಳು. ಅದರೊಳಗೆ ವೈನ್ ಅಂತೊಂದು ತಂತ್ರಾಂಶ. ಮುಖ ತಿರುಗಿಸಬೇಡ, ಕುಡಿಯೋದಲ್ಲ. ಹಳೇ ವಿಂಡೋಸ್ ಆಟಗಳಿಗೆ, ನೀವಿನ್ನೂ ನಿಮ್ಮ ಮನೇಲೇ ಇದ್ದೀರಿ ಅಂತ ನಂಬಿಸುತ್ತದೆ. ವಾರಗಟ್ಟಲೆ ಗುದ್ದಾಡಿದೆ. ಒಂದು ದಿನ ಪರದೆ ಕಪ್ಪು, ಇನ್ನೊಂದು ದಿನ ಕೋಟೆ ತಲೆಕೆಳಗು. ಕೊನೆಗೆ ಎಲ್ಲ ನೆಟ್ಟಗಾಗಿ ಅದೇ ಪ್ರಶ್ನೆ ಬಂತು. ಪುಸ್ತಕಕ್ಕೆ ಅಂತ ನಿಮ್ಮ ಮನೆಗೆ ಓಡಿದೆ. ಆ ಚೀಲ ನೋಡಿದ್ರೆ ಸಂಕಟ ಆಗ್ತಿತ್ತು ಭಾಯಿ, ಗುಜರಿಗೆ ಕೊಟ್ಬಿಟ್ಟೆ, ಅಂದರು ಭಾಬಿ. 

ವಾಪಸ್ ಬರುವಾಗ ಕಟಿಂಗ್ ಶಾಪಿನ ಮುಂದೆ ಕಾಲು ನಿಂತಿತು. ನಿನ್ನ ಕೈಬರಹ, ಆಂಬುಷ್ ಹೇರ್ ಡ್ರೆಸ್ಸರ್ಸ್. ಅಂದರೆ ಹೊಂಚು ಹಾಕಿ ಮೇಲೆ ಬಿದ್ದು ತಲೆ ಬೋಳಿಸುವವರು. ಮೂಲೆಯಲ್ಲಿ ಸಣ್ಣಗೆ 14-3. ಒಂದೇ ಹೆಸರು ಎರಡು ಅಂಗಡಿಗೆ ಹೋಗಬಾರದು ಅಂತ ಪುಟ, ಸಾಲು ಗುರುತು ಹಾಕಿಕೊಳ್ಳುತ್ತಿದ್ದೆಯಾ ಕಳ್ಳ? ಒಳಗೆ ಹೋಗಿ ಕೇಳಿದರೆ ಮಾಲೀಕ ಗಂಭೀರವಾಗಿ ಹೇಳಿದ, "ಅದು ನಮ್ ಲಕ್ಕಿ ನಂಬರ್ ಸಾರ್. ಸಾಬ್ರು ಲೆಕ್ಕ ಹಾಕಿ ಬರ್ದವ್ರೆ. ಬೈಕ್ ಮೇಲೂ ಅದ್ನೇ ಬರೆಸೀನಿ."

ಅವತ್ತಿಂದ ನಿನ್ನ ಬೋರ್ಡು ಹುಡುಕುತ್ತಾ, ಮೂಲೆಯ ನಂಬರೂ ಪದವೂ ಬರೆದುಕೊಳ್ಳುತ್ತಾ ಊರೂರು ತಿರುಗಿದೆ. ಹಿರಿಯೂರಿನಲ್ಲಿ ಗ್ಯಾರಿಸನ್ ಬೇಕರಿ, ಹೊಳಲ್ಕೆರೆಯಲ್ಲಿ ರಿಟ್ರೀಟ್ ಟೈಲರ್ಸ್, ಬಾಗೂರಿನಲ್ಲಿ ಕ್ಯಾಟಪಲ್ಟ್ ಟ್ರ್ಯಾಕ್ಟರ್ ಗ್ಯಾರೇಜ್. ಕೋಟೆ ಕಾಯೋ ದಂಡು, ಹಿಮ್ಮೆಟ್ಟೋದು, ಕಲ್ಲೆಸೆಯೋ ಯಂತ್ರ, ಎಲ್ಲ ಆ ಪುಸ್ತಕದವೇ. ಹೊಸದುರ್ಗದಲ್ಲಿ ನಿನ್ನವು ನಾಲ್ಕಿದ್ದವಂತೆ, ಈಗ ಎಲ್ಲ ಫ್ಲೆಕ್ಸು. ಆ ಪುಸ್ತಕ ಇಂಟರ್‌ನೆಟ್ಟಲ್ಲಿ ಸಿಗುತ್ತೆ ಹುಡುಕಪ್ಪ, ಅಂದಳು ಮಗಳು. ಹುಡುಕಿದೆ, ಸಿಗಲಿಲ್ಲ ಅಂದೆ. ಸುಳ್ಳು. ಹುಡುಕಲೇ ಇಲ್ಲ. ಅಲ್ಲಿ ಸಿಕ್ಕಿಬಿಟ್ಟರೆ ಆಮೇಲೆ ಯಾವ ನೆಪಕ್ಕೆ ಬಸ್ ಹತ್ತಲಿ?

ಭಾನುವಾರ ಆಟ ಹದಿನಾಲ್ಕನೇ ಪುಟ, ಮೂರನೇ ಸಾಲು ಕೇಳಿತು. ಆಂಬುಷ್ ಅಂತ ಬರೆದೆ. ಕೋಟೆ ಬಂತು. ಬಾಗಿಲಲ್ಲಿ ನಿನ್ನ ಕಾವಲುಗಾರ ಅಲ್ಲಾಡದೆ ನಿಂತಿದ್ದ. ಒಂದೇ ಕಲ್ಲಿಗೆ ಗೆಲ್ಲಬಹುದಿತ್ತು, ಇಷ್ಟು ವರ್ಷದಲ್ಲಿ ಮೊದಲ ಸಲ. ಎಸೆಯಲಿಲ್ಲ ಕಣೋ. ಸುಮ್ಮನೆ ನೋಡುತ್ತಾ ಕೂತಿದ್ದು, ಮುಚ್ಚಿದೆ.

ಇನ್ನೊಂದು ಸುದ್ದಿ ಐತೆ. ಸೋಮವಾರ ಕಟಿಂಗ್ ಶಾಪಿಗೂ ಫ್ಲೆಕ್ಸ್ ಬರುತ್ತಂತೆ. ಹಳೇ ಬೋರ್ಡು ನನಗೆ ಕೊಡಪ್ಪ ಅಂದೆ. ಫ್ಲೆಕ್ಸಿನೋರು ಕಿತ್ತರೆ ತಗಡು ಬಗ್ಗಿಸ್ತಾರೆ, ಬೆಳಿಗ್ಗೆನೇ ಬಂದು ನೀವೇ ಇಳಿಸ್ಕಳ್ರಿ, ಅಂದ. ನಿನ್ನ ಏಣಿ ನಿನ್ನ ತಮ್ಮ ಸಲೀಮನ ಹತ್ತಿರ ಐತೆ. ಯಾರಿಗೂ ಮುಟ್ಟಿಸುತ್ತಿಲ್ಲ ಅವನು, ಕೇಳೋಕೆ ನನಗೂ ಬಾಯಿ ಬರುತ್ತಿಲ್ಲ. ಅವನ ಕನಸಿಗೆ ಒಂಚೂರು ಹೋಗಿ, ಸೋಮವಾರ ಒಂದೊಪ್ಪತ್ತು ತಿಪ್ಪೇಶನಿಗೆ ಕೊಡು ಅಂತ ಹೇಳಿಬಿಡಪ್ಪ.